ಸಿರಿಂಜಿನ ಮೇಲೆ ಬರೆದ ಟೈಮು

ಬೆಳಿಗ್ಗೆ ಚಿಕ್ಕಮ್ಮಂಗೆ ಬೋನ್ ಸ್ಕ್ಯಾನ್ ಇತ್ತು. ಟೆಕ್ನಿಷಿಯನ್ ಹುಡುಗಿ ತಂದ ಸಿರಿಂಜಿಗೆ ದಪ್ಪನೆ ಲೋಹದ ಕವಚ. ಲೇಬಲ್ ಮೇಲೆ ಔಷಧಿ ಹೆಸರಿನ ಜೊತೆ ಟೈಮೂ ಬರೆದಿತ್ತು: 9.40.

ಆಗಿಂದ ತಲೇಲಿ ಅದೇ ಓಡ್ತಿದೆ.

ಒಳಗಿದ್ದದ್ದು ಟೆಕ್ನೀಷಿಯಂ-99ಎಂ ಅನ್ನೋ ವಿಕಿರಣ ಸೂಸೋ ವಸ್ತು. ಅರ್ಧಾಯುಷ್ಯ, ಅಂದ್ರೆ ಇರೋದು ಅರ್ಧಕ್ಕೆ ಇಳಿಯೋಕೆ ಬೇಕಾದ ಹೊತ್ತು, 6 ಗಂಟೆ. ಅದಕ್ಕೇ ಟೈಮು ಬರೆಯೋದು. ಔಷಧಿ ಮೂಳೆಗೆ ಹೋಗಿ ಕೂರೋಕೇ ಎರಡು ಮೂರು ಗಂಟೆ ಬೇಕು. ನಿಮಿಷಗಳಲ್ಲಿ ಕರಗೋ ವಿಕಿರಣ ವಸ್ತು ಆಗಿದ್ರೆ ಚಿತ್ರ ತೆಗೆಯೋ ಹೊತ್ತಿಗೆ ಏನೂ ಉಳೀತಿರ್ಲಿಲ್ಲ. ವಾರಗಟ್ಟಲೆ ಇರೋದಾಗಿದ್ರೆ ಕೆಲಸ ಮುಗಿದ ಮೇಲೂ ಸುಮ್ಮನೆ ಮೈಯೊಳಗೆ ವಿಕಿರಣ. ಇದು ನಾಳೆ ಇಷ್ಟೊತ್ತಿಗೆ ಹದಿನಾರರಲ್ಲಿ ಒಂದು ಪಾಲು, ಮೂತ್ರದಲ್ಲಿ ಹೋಗೋದನ್ನ ಲೆಕ್ಕಕ್ಕೆ ಹಿಡಿಯದೇನೇ! ಎಷ್ಟು ಕಾಳಜಿಯಿಂದ ಆರಿಸಿದಾರಲ್ವಾ.

6 ಗಂಟೆಗೆ ಅರ್ಧ ಆಗೋದನ್ನ ದೂರದಿಂದ ತರೋದು ಹೇಗೆ? ತರೋದು ಅದರ ತಾಯೀನ, ಮಾಲಿಬ್ಡಿನಂ-99. ಅದರದ್ದು 66 ಗಂಟೆ. ಜನರೇಟರ್ ಅನ್ನೋ ಉಪಕರಣದ ಒಳಗೆ ಕೂತು ತಾನಾಗೇ ಟೆಕ್ನೀಷಿಯಂ ಆಗ್ತಾ ಇರುತ್ತೆ. ಬೆಳಿಗ್ಗೆ ಬೆಳಿಗ್ಗೆ ಸಲೈನ್ ಹಾಯಿಸಿ, ಹಸು ಕರೆದ ಹಾಗೆ ಕರ್ಕೊಳ್ತಾರೆ. ನಂಗಂತೂ ಇದು ತುಂಬಾ ಇಷ್ಟವಾಯ್ತು.

ಥೈರಾಯ್ಡ್ ಕ್ಯಾನ್ಸರಿಗೆ ಕೊಡೋ ಅಯೋಡಿನ್-131 ಮಾತ್ರ 8 ದಿನದ್ದು. ಅಲ್ಲಿ ಚಿತ್ರ ಮುಖ್ಯ ಅಲ್ಲ, ಅದು ಸೂಸೋ ಬೀಟಾ ಕಣಗಳು ಒಳಗೇ ನಿಂತು ಕೆಟ್ಟ ಜೀವಕೋಶಗಳನ್ನ ಕೊಲ್ಲಬೇಕು. ಸ್ವಲ್ಪ ಸಮಯ ಬೇಕೇ ಬೇಕು.

ಚಿಕ್ಕಮ್ಮಂಗೆ ಇದ್ಯಾವುದೂ ಬೇಕಿರ್ಲಿಲ್ಲ. "ಮೊಮ್ಮಗಳನ್ನ ಎತ್ಕೋಬೋದೇನಮ್ಮಾ?" ಅಂತ ಒಂದೇ ಪ್ರಶ್ನೆ.

"ಇವತ್ತೊಂದಿನ ಬೇಡ ಅಮ್ಮಾ. ಚೆನ್ನಾಗಿ ನೀರು ಕುಡೀರಿ. ನಾಳೆಯಿಂದ ಧಾರಾಳವಾಗಿ ಎತ್ಕೊಳ್ಳಿ."