ಬೇಸ್‌ಬಾಲ್ ಕಾರ್ಡಿನ ನಂಬರ್‌ಗಳು ಎಲ್ಲಿಂದ ಬರುತ್ತವೆ?

ಹಳೆಯ ಬೇಸ್‌ಬಾಲ್ ಆಟಗಾರರ ಕಾರ್ಡ್ ಮಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಅದರಲ್ಲಿರೋ ನಂಬರ್ ನೀವೇ ಸುಮ್ನೆ ಹಾಕ್ತೀರಾ? ನಿಮಗಿಷ್ಟ ಆದವನಿಗೆ ಸ್ವಲ್ಪ ಜಾಸ್ತಿ?"

ಇಲ್ಲ. ಒಂದೊಂದು ನಂಬರಿಗೂ ಲೆಕ್ಕ ಇದೆ. ಆ ಲೆಕ್ಕ ಮುಗಿಯುವ ಕಡೆ ಮಾತ್ರ ನನ್ನ ಕೆಲಸ ನಿಜವಾಗಿ ಕಷ್ಟವಾಗುತ್ತದೆ.

ಇವು ಆಲ್ಬಮ್‌ನಲ್ಲಿ ಜೋಡಿಸಿಡುವ ಫೋಟೋ ಕಾರ್ಡ್‌ಗಳಲ್ಲ, ದಾಳ ಹಾಕಿ ಆಡುವ ಕಾರ್ಡ್‌ಗಳು. ಆಟದ ಹೆಸರು ಸ್ಟ್ರಾಟ್-ಓ-ಮ್ಯಾಟಿಕ್. ಅಮೆರಿಕದ ಹಾಲ್ ರಿಚ್‌ಮನ್ ಹುಡುಗನಾಗಿದ್ದಾಗಲೇ ಯೋಚಿಸಿ, 1961ರಲ್ಲಿ ಮಾರಾಟಕ್ಕೆ ತಂದ ಆಟ. ಮೂರು ದಾಳ ಹಾಕಬೇಕು. ಮೊದಲನೆಯದರಲ್ಲಿ 1, 2, 3 ಬಿದ್ದರೆ ಬ್ಯಾಟರ್ ಕಾರ್ಡ್ ನೋಡಬೇಕು, 4, 5, 6 ಬಿದ್ದರೆ ಪಿಚರ್ (ಚೆಂಡು ಎಸೆಯುವವನ) ಕಾರ್ಡ್. ಬಿದ್ದ ಅಂಕಿಯೇ ಆ ಕಾರ್ಡಿನ ಯಾವ ಕಾಲಂ ಅಂತಲೂ ಹೇಳುತ್ತದೆ. ಉಳಿದೆರಡು ದಾಳದ ಮೊತ್ತ ಯಾವ ಸಾಲು ಅಂತ ಹೇಳುತ್ತದೆ. ಎರಡು ದಾಳಕ್ಕೆ 36 ಸಾಧ್ಯತೆ. ಹಾಗಾಗಿ ಮೂರು ಕಾಲಂ ಇರುವ ಒಂದು ಕಾರ್ಡಿನಲ್ಲಿ 108 ಸಾಧ್ಯತೆ, ಎರಡೂ ಕಾರ್ಡ್ ಸೇರಿದರೆ 216.

ಅಂದರೆ ಬ್ಯಾಟರ್‌ನ ಭವಿಷ್ಯ ಅರ್ಧ ಮಾತ್ರ ಅವನ ಕೈಯಲ್ಲಿದೆ. ಇನ್ನರ್ಧ ಎದುರಿಗಿರುವ ಪಿಚರ್‌ನದು. ಲೆಕ್ಕವೆಲ್ಲ ಇಲ್ಲೇ ನಿಂತಿದೆ.

ಟೆಡ್ ವಿಲಿಯಮ್ಸ್‌ನ 1941ನೇ ವರ್ಷ ತಗೊಳ್ಳಿ. ಬ್ಯಾಟಿಂಗ್ ಸರಾಸರಿ .406, ಅಂದರೆ ವಾಕ್‌ನಂಥವನ್ನು ಬಿಟ್ಟು ಲೆಕ್ಕ ಹಾಕಿದರೆ ಸಾವಿರಕ್ಕೆ 406 ಹಿಟ್. ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಹಿಟ್. ಒಟ್ಟು 606 ಸಲ ಬ್ಯಾಟ್ ಹಿಡಿದು ನಿಂತಿದ್ದಾನೆ, 185 ಹಿಟ್, 147 ವಾಕ್. ಪಿಚರ್ ನಾಲ್ಕು ಚೆಂಡನ್ನು ಗುರಿ ಬಿಟ್ಟು ಹಾಕಿದರೆ ಬ್ಯಾಟರ್ ಮೊದಲ ಬೇಸಿಗೆ ಪುಕ್ಕಟೆಯಾಗಿ ಹೋಗುತ್ತಾನಲ್ಲ, ಅದು ವಾಕ್. ವಿಲಿಯಮ್ಸ್‌ನ ವಾಕ್ ಶೇ. 24ರಷ್ಟು. 216ಕ್ಕೆ ಹಾಕಿದರೆ ಸುಮಾರು 52. ಆ ವರ್ಷದ ಸಾಧಾರಣ ಪಿಚರ್ ಶೇ. 10ರಷ್ಟು ವಾಕ್ ಕೊಡುತ್ತಾನೆ ಎಂದಿಟ್ಟುಕೊಳ್ಳೋಣ. ಅವನ 108ರಲ್ಲಿ 11 ಬಂತು. ಉಳಿದ 41 ವಿಲಿಯಮ್ಸ್‌ನ ಕಾರ್ಡಿನಲ್ಲೇ ಇರಬೇಕು. ಹಿಟ್‌ಗೂ ಇದೇ ರೀತಿ ಮಾಡಿದರೆ ಇನ್ನೊಂದು 40.

ಈಗ ಜೋಡಿಸುವ ಕೆಲಸ. 7 ಬೀಳುವ ಸಾಧ್ಯತೆ 6, 6 ಮತ್ತು 8ಕ್ಕೆ ತಲಾ 5, 2 ಮತ್ತು 12ಕ್ಕೆ ತಲಾ 1. ಮೂರು ಕಾಲಂನ 7ಕ್ಕೂ ವಾಕ್ ಬರೆದರೆ 18 ಆಯಿತು. 6 ಅಥವಾ 8ರ ನಾಲ್ಕು ಸಾಲು ಸೇರಿಸಿದರೆ 38. ಯಾವುದಾದರೂ ಕಾಲಂನ 3 ಸೇರಿಸಿದರೆ 40. 2 ಸೇರಿಸಿದರೆ 41. ಹಿಟ್‌ಗಳನ್ನೂ ತುಂಬಿಸಿ ನೋಡಿದರೆ, ಔಟ್ ಆಗಲು 108ರಲ್ಲಿ ಕಾಲು ಭಾಗ ಮಾತ್ರ ಉಳಿದಿರುತ್ತದೆ! .406 ಅಂತ ಎಷ್ಟು ಸಲ ಓದಿದರೂ ಆಗದ ಅಚ್ಚರಿ, ಖಾಲಿ ಕಾರ್ಡಿನಲ್ಲಿ ಔಟ್ ಬರೆಯಲು ಜಾಗ ಹುಡುಕುವಾಗ ಆಗುತ್ತದೆ.

ಪಿಚರ್‌ಗೂ ಇದೇ ಲೆಕ್ಕ, ತಿರುಗಿಸಿ ಮಾಡಬೇಕು ಅಷ್ಟೆ. ಬಾಬ್ ಗಿಬ್ಸನ್ 1968ರಲ್ಲಿ ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟರೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 1.12 ರನ್ ಮಾತ್ರ ಕೊಟ್ಟ. ಆದರೆ ಆ ವರ್ಷ ಎಲ್ಲ ಕಡೆಯೂ ರನ್ ಬರಗಾಲ. ಅಮೆರಿಕನ್ ಲೀಗ್‌ನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿಯೇ .301. ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10ಕ್ಕೆ ಇಳಿಸಿದರು. ಲೀಗ್ ಸರಾಸರಿ ಕಳೆಯುವುದರಿಂದ ಕಾಲದ ಪಾಲು ಕಾಲಕ್ಕೆ, ಗಿಬ್ಸನ್‌ನ ಪಾಲು ಗಿಬ್ಸನ್‌ಗೆ ಹೋಗುತ್ತದೆ. ಅದಾದ ಮೇಲೂ ಅವನ ಕಾರ್ಡ್ ಎದುರಾಳಿಗೆ ಭಯ ಹುಟ್ಟಿಸುವಂಥದ್ದೇ.

ಫೀಲ್ಡಿಂಗ್‌ಗೆ ಹೀಗೆ ಪಕ್ಕಾ ಲೆಕ್ಕ ಇಲ್ಲ. 1ರಿಂದ 5ರವರೆಗೆ ಅಂಕ ಕೊಡಬೇಕು, 1 ಅತ್ಯುತ್ತಮ. ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಸತತ 16 ಸಲ ಗೆದ್ದ ಬ್ರೂಕ್ಸ್ ರಾಬಿನ್ಸನ್‌ಗೆ 1 ಕೊಡಲು ಯೋಚಿಸಬೇಕಿಲ್ಲ. ಆದರೆ ಆ ಪ್ರಶಸ್ತಿ ಶುರುವಾದದ್ದೇ 1957ರಲ್ಲಿ. ಅದಕ್ಕೂ ಹಿಂದಿನವರಿಗೆ ಆ ಕಾಲದವರು ಬರೆದದ್ದನ್ನು ಓದಿಯೇ ತೀರ್ಮಾನಿಸಬೇಕು.

ನಾನು ಅತಿ ಹೆಚ್ಚು ಹೊತ್ತು ಕೂರುವುದು ಜಾಶ್ ಗಿಬ್ಸನ್‌ನಂಥವರ ಕಾರ್ಡಿಗೆ. ಕಪ್ಪು ಜನರನ್ನು ಮೇಜರ್ ಲೀಗ್ ಒಳಗೇ ಬಿಡದ ಕಾಲದಲ್ಲಿ ನೀಗ್ರೋ ಲೀಗ್‌ಗಳಲ್ಲಿ ಆಡಿದವನು. 1947ರ ಜನವರಿಯಲ್ಲಿ ತೀರಿಕೊಂಡ. ಆ ತಡೆ ಮುರಿದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗ್ ಮೈದಾನಕ್ಕೆ ಇಳಿದದ್ದು ಅದೇ ಏಪ್ರಿಲ್‌ನಲ್ಲಿ. ಸಂಶೋಧಕರು ಹಳೆಯ ಪತ್ರಿಕೆಗಳನ್ನು ಜಾಲಾಡಿ ಆ ಲೀಗ್‌ಗಳ ಅಂಕಿಅಂಶ ಕೂಡಿಸಿದರು. 2024ರಲ್ಲಿ ಮೇಜರ್ ಲೀಗ್ ಅದನ್ನು ತನ್ನ ದಾಖಲೆಗೆ ಸೇರಿಸಿಕೊಂಡಿತು. 1943ರಲ್ಲಿ ಜಾಶ್‌ನ ಸರಾಸರಿ .466! ಆದರೆ ಅಲ್ಲಿನ ಲೀಗ್ ಪಂದ್ಯಗಳು ಕಡಿಮೆ, ಎಷ್ಟೋ ಸ್ಕೋರುಪಟ್ಟಿಗಳು ಸಿಕ್ಕಿಲ್ಲ. ಒಂದೇ ವರ್ಷ ಹಿಡಿದು ಕಾರ್ಡ್ ಮಾಡಿದರೆ ಅದೃಷ್ಟದ ಪಾಲು ಎಷ್ಟು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಇವರಿಗೆ ಮಾತ್ರ ಹಲವು ವರ್ಷಗಳನ್ನು ಒಟ್ಟು ಸೇರಿಸುತ್ತೇನೆ. "ನಿಯಮ ಮುರಿದ ಹಾಗಾಯ್ತಲ್ವಾ?" ಅಂತಾರೆ. ಮುರಿದೇ ಮಾಡುತ್ತೇನೆ. ಆಡಲು ಸಮನಾದ ಅವಕಾಶವನ್ನೇ ಕೊಡದೆ, ಅಳೆಯುವಾಗ ಮಾತ್ರ ಎಲ್ಲರಿಗೂ ಒಂದೇ ಕೋಲು ಅನ್ನುವುದು ನನಗೆ ನ್ಯಾಯ ಅನ್ನಿಸುವುದಿಲ್ಲ.

ನೀಗ್ರೋ ಲೀಗ್‌ಗಳ ಪಿಚರ್ ಸ್ಯಾಚೆಲ್ ಪೇಜ್‌ಗೆ ಎರಡು ಕಾರ್ಡ್ ಮಾಡಿದ್ದೇನೆ. ಒಂದು ಹೀಗೆ ಹಲವು ವರ್ಷ ಕೂಡಿಸಿದ, ಹರೆಯದ ಪೇಜ್. ಇನ್ನೊಂದು 1948ರದು: 42ನೇ ವಯಸ್ಸಿನಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಬಂದು 6 ಪಂದ್ಯ ಗೆದ್ದು ಒಂದೇ ಒಂದು ಸೋತ ಪೇಜ್. ಎರಡನೆಯದಕ್ಕೆ ನಾನು ಏನನ್ನೂ ಕೂಡಿಸಬೇಕಾಗಲಿಲ್ಲ.