ಕಾರ್ಡಿನಲ್ ಜಾಗಕ್ಕೆ ಬಂದ ಹಳದಿ ಹಕ್ಕಿ

ನ್ಯೂಜೆರ್ಸಿಯ ಚಳಿಗಾಲದಲ್ಲಿ ಹಳದಿ ಬಣ್ಣ ಕಣ್ಣಿಗೆ ಬೀಳುವುದೇ ಅಪರೂಪ. ಇಲ್ಲಿನ ರಾಜ್ಯಪಕ್ಷಿ ಗೋಲ್ಡ್‌ಫಿಂಚ್ ಕೂಡ ಬೇಸಿಗೆಯ ಹೊಳಪು ಕಳೆದುಕೊಂಡು ಮಾಸಲಾಗಿರುತ್ತದೆ. ಹಾಗಾಗಿ 2020ರ ಡಿಸೆಂಬರ್‌ನಲ್ಲಿ, ಜೋರು ಹಿಮ ಬಿದ್ದ ಮರುದಿನ, ನಮ್ಮ ಹಿತ್ತಲಲ್ಲಿ ಹಕ್ಕಿಗಳಿಗೆ ಕಾಳು ಹಾಕಿಡುವ ಫೀಡರ್‌ನಲ್ಲಿ ದಟ್ಟ ಹಳದಿ ಹಕ್ಕಿಯೊಂದು ಕಂಡಾಗ ಆಫೀಸ್ ಮೀಟಿಂಗ್ ಮಧ್ಯೆಯೇ ಕ್ಯಾಮೆರಾ ಆಫ್ ಮಾಡಿ ಕಿಟಕಿಗೆ ಓಡಿದೆ.

ಹಣೆಯ ಮೇಲೆ ದಪ್ಪ ಹಳದಿ ಹುಬ್ಬು. ಕಪ್ಪು ರೆಕ್ಕೆಯಲ್ಲೊಂದು ದೊಡ್ಡ ಬಿಳಿ ಪಟ್ಟೆ. ಕೊಕ್ಕಂತೂ ಆ ಮುಖಕ್ಕೆ ಜಾಸ್ತಿಯಾಯ್ತು ಅನ್ನಿಸುವಷ್ಟು ದಪ್ಪ. ಸೂರ್ಯಕಾಂತಿ ಬೀಜವನ್ನು ನಾಲಿಗೆಯಲ್ಲೇ ಹೊರಳಿಸಿ ಕೊಕ್ಕಿನ ಅಂಚಿಗೆ ತಂದು, ಒಮ್ಮೆ ಅದುಮಿದರೆ ಮುಗೀತು, ಸಿಪ್ಪೆ ಹಿಮದ ಮೇಲೆ ಉದುರುತ್ತಿತ್ತು. ಪುಟ್ಟ ಚಿಕಡೀ ಹಕ್ಕಿ ಪಾಪ, ಒಂದು ಬೀಜ ಕಚ್ಚಿಕೊಂಡು ಕೊಂಬೆಗೆ ಹಾರಿ, ಕಾಲಲ್ಲಿ ಒತ್ತಿ ಹಿಡಿದು ಕುಟ್ಟಿ ಕುಟ್ಟಿ ತಿನ್ನುವಷ್ಟರಲ್ಲಿ ಇದು ಐದಾರು ಬೀಜ ಮುಗಿಸಿರುತ್ತಿತ್ತು.

ಈವ್ನಿಂಗ್ ಗ್ರೋಸ್‌ಬೀಕ್! ಸ್ವಲ್ಪ ಹೊತ್ತಿಗೆ ಇಡೀ ಗುಂಪೇ ಬಂತು, ಬೂದು ಬಣ್ಣದ ಹೆಣ್ಣುಗಳೂ ಸೇರಿ. ಅಲ್ಲಿಯವರೆಗೆ ತಾನೇ ಯಜಮಾನ ಅಂತ ಮೆರೆಯುತ್ತಿದ್ದ ಕೆಂಪು ಕಾರ್ಡಿನಲ್ ಬೇಲಿ ಮೇಲೆ ಕೂತು ಸರದಿ ಕಾಯುವಂತಾಯಿತು. ನನಗೆ ಒಳಗೊಳಗೇ ಖುಷಿ.

ಊಟ ಮುಗಿಸಿ ಕೂತಿದ್ದ ಶಿವಮೊಗ್ಗದ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿ, ಕೆನಡಾದಿಂದ ಬಂದಿವೆ ಅಂದೆ. "ಇದೇನೇ ಇದು, ಕೊಕ್ಕು ಅಡಕತ್ತರಿ ಇದ್ದಂಗಿದೆ! ಅಷ್ಟು ದೂರದಿಂದ ಯಾಕೆ ಬಂದ್ವಂತೆ?" ಅಂದರು.

ಹೊಟ್ಟೆಪಾಡಿಗೆ, ಇನ್ನೇನು. ಕೆನಡಾದ ಕಾಡುಗಳಲ್ಲಿ ಮರಗಳ ಬೀಜದ ಫಸಲು ಕೈಕೊಟ್ಟ ವರ್ಷ ಇವು ಗುಂಪುಗುಂಪಾಗಿ ದಕ್ಷಿಣಕ್ಕೆ ಇಳಿಯುತ್ತವೆ. ಆ ವರ್ಷ ಆಗಿದ್ದೂ ಅದೇ. ಬೇಸಿಗೆಯಲ್ಲಿ ಅಲ್ಲಿನ ಸ್ಪ್ರೂಸ್ ಮರಗಳಿಗೆ ಬಡ್‌ವರ್ಮ್ ಹುಳು ಬಿದ್ದರೆ ಮರದವರಿಗೆ ನಷ್ಟ, ಈ ಹಕ್ಕಿಯ ಮರಿಗಳಿಗೆ ಮಾತ್ರ ಭರ್ಜರಿ ಊಟ. ಹಾಗಿದ್ದೂ 1970ರಿಂದೀಚೆಗೆ ಇವುಗಳ ಸಂಖ್ಯೆ ಸುಮಾರು ಶೇ 92ರಷ್ಟು ಇಳಿದಿದೆ ಅಂತ ಪಕ್ಷಿತಜ್ಞರ ಅಂದಾಜು. ಅದನ್ನು ಓದಿದ ಮೇಲೆ, ಬೀಜ ಖಾಲಿಯಾಗುತ್ತಿದೆ ಅಂತ ಬೈಯೋಕೆ ಮನಸ್ಸೇ ಬರಲಿಲ್ಲ.

ಬೈದಿದ್ದು ನಮ್ಮನೆಯವರು. "ಚೀಲಕ್ಕೆ ಎಷ್ಟು ಕೊಟ್ಟಿದ್ದೀವಿ ಗೊತ್ತಾ? ಸುಮ್ನೆ ಸುರೀತಿದ್ದೀಯಲ್ಲ!" ಕೆಲವು ದಿನ ಇದ್ದು ಗುಂಪು ಹೊರಟುಹೋಯಿತು. ಈಗ ನವೆಂಬರ್ ಬಂದರೆ ಅವರೇ 20 ಪೌಂಡಿನ ಚೀಲ ಹೊತ್ತು ತರುತ್ತಾರೆ, ಗ್ರೋಸ್‌ಬೀಕ್ ಬಂದರೆ ಇರಲಿ ಅಂತ. ಸದ್ಯಕ್ಕೆ ಅದರಲ್ಲಿ ಅರ್ಧ ಅಳಿಲುಗಳ ಪಾಲು.