ಐರಿಸ್ ಕೊಳೆ ಮತ್ತು ಒಂದು ಸತ್ತ ಬ್ಯಾಟರಿ

ನಮ್ಮ ಮನೆಯ ಪಡುವಣ ಮಡಿಯಲ್ಲಿರುವ ಐರಿಸ್ ಅನ್ನುವ ಹೂಗಿಡದ ಗೆಡ್ಡೆಗಳು ಪ್ರತಿ ಬೇಸಿಗೆ ಕೊಳೆಯುವುದಕ್ಕೆ ಕಾರಣ ಒಂದು 9 ವೋಲ್ಟ್ ಬ್ಯಾಟರಿ. ನಗಬೇಡಿ. ಈ ಒಂದು ಸಾಲು ಬರೆಯೋಕೆ ನನಗೆ ಎಷ್ಟು ಗೆಡ್ಡೆ ಖರ್ಚಾಗಿದೆ ಅಂತ ನನಗೇ ಗೊತ್ತು.

ಹೊಸಬರಿಗೆ ಎರಡೇ ಮಾತು. ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ಪಕ್ಕ. ಇಲ್ಲಿ ಗಡ್ಡದ ಐರಿಸ್ (ದಳದ ಮೇಲೆ ಗಡ್ಡದಂಥ ಕುಚ್ಚು ಇರುವ ಬಗೆ) ಮಾರ್ಚ್, ಏಪ್ರಿಲ್‌ನಲ್ಲಿ ಹೂ ಬಿಟ್ಟು, ಬೇಸಿಗೆಯಲ್ಲಿ ಉಸಿರು ಹಿಡಿದು ಕೂರುತ್ತದೆ. ಅಕ್ಟೋಬರ್ ನೆಡುವ ಕಾಲ. ತಂಪು ಊರಿನವರು ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣಬೇಕು ಅಂತಾರೆ. ಇಲ್ಲಿ ಹಾಗೆ ಬಿಟ್ಟರೆ ಸುಟ್ಟುಹೋಗುತ್ತದೆ, ಒಂದು ಇಂಚು ಮಣ್ಣು ಹೊದಿಸಲೇಬೇಕು. ಬೇಸಿಗೆಯಲ್ಲಿ ಎಲೆ ಕತ್ತರಿಸಬಾರದು, ಗೆಡ್ಡೆಗೆ ಇರುವ ನೆರಳೇ ಅದು. ಸಾರಜನಕ ಜಾಸ್ತಿ ಇರುವ ಗೊಬ್ಬರ ಬೇಡ, ಮೆತ್ತಗಾದ ಗೆಡ್ಡೆ ಕೊಳೆಗೆ ಬೇಗ ಸಿಗುತ್ತದೆ. ಹಳಬರಿಗೆ ಇದೆಲ್ಲ ಗೊತ್ತಿರುವುದೇ, ಮುಂದೆ ಹೋಗೋಣ.

ಮನೆಗೆ ಎರಡು ಮಡಿ. ಮೂಡಣ ಮಡಿಗೆ ಬೆಳಗಿನ ಬಿಸಿಲು, ಮಧ್ಯಾಹ್ನ ಮನೆಯದೇ ನೆರಳು. ಪಡುವಣ ಮಡಿ ಕಾಂಪೌಂಡ್ ಗೋಡೆಯ ಬುಡದಲ್ಲಿ, ಅದಕ್ಕೆ ಮಧ್ಯಾಹ್ನದ ಬಿಸಿಲು ಪೂರ್ತಿ. ಮಣ್ಣು ಒಂದೇ, ಗೆಡ್ಡೆ ಒಂದೇ ತಾಯಿಯ ಮಕ್ಕಳು, ಟೈಮರ್ ಒಂದೇ, ನೀರು ವಾರಕ್ಕೆ ಎರಡು ಸಲ ಬೆಳಗಿನ ಜಾವ 4ಕ್ಕೆ. ಮೂಡಣದಲ್ಲಿ ಎಲ್ಲ ಚೆನ್ನಾಗಿರುತ್ತದೆ. ಪಡುವಣದಲ್ಲಿ ಜುಲೈ ಕೊನೆಗೆ ಒಂದೊಂದೇ ಎಲೆಗೊಂಚಲು ಬುಡದಿಂದ ವಾಲುತ್ತದೆ. ಎಳೆದರೆ ಕೈಗೆ ಬರುತ್ತದೆ, ಜೊತೆಗೆ ಆ ವಾಸನೆ. ಆ ವಾಸನೆ ಒಮ್ಮೆ ಮೂಗಿಗೆ ಬಡಿದವರು ಮರೆಯಲ್ಲ. ಮೊದಲು ಹೋಗಿದ್ದು ನನ್ನ ಬಿಳಿ ಹೂವಿನ ಇಮ್ಮಾರ್ಟಾಲಿಟಿ. ಆ ತಳಿಗೆ ಆ ಹೆಸರಿಟ್ಟವರು ನಮ್ಮ ಮನೆಗೆ ಬರಬೇಕಿತ್ತು.

ರೋಗ ಯಾವುದು ಅನ್ನುವುದರಲ್ಲಿ ಗೊಂದಲ ಇರಲಿಲ್ಲ. ಬಿಳಿ ನೂಲು, ಸಾಸಿವೆ ಗಾತ್ರದ ಕಂದು ಕಾಳು ಬುಡದಲ್ಲಿ ಇದ್ದಿದ್ದರೆ ಸ್ಕ್ಲೆರೋಶಿಯಂ ಶಿಲೀಂಧ್ರ ಅನ್ನಬಹುದಿತ್ತು. ಅದು ಇರಲಿಲ್ಲ. ಸಿಪ್ಪೆ ಗಟ್ಟಿ, ಒಳಗೆ ಲೊಳಲೊಳ, ದುರ್ವಾಸನೆ. ಅಂದರೆ ಪೆಕ್ಟೋಬ್ಯಾಕ್ಟೀರಿಯಂ, ಮೊದಲು ಎರ್ವಿನಿಯಾ ಅಂತ ಕರೀತಿದ್ದದ್ದು. ಈ ಬ್ಯಾಕ್ಟೀರಿಯಾ ಮಣ್ಣಲ್ಲಿ ಎಲ್ಲೆಲ್ಲೂ ಇರುತ್ತದೆ. ಆದರೆ ಆರೋಗ್ಯವಾದ ಗೆಡ್ಡೆಯ ಸಿಪ್ಪೆ ತೂರಿ ಒಳಗೆ ಹೋಗಲಾರದು. ಅದಕ್ಕೆ ಒಂದು ಗಾಯ ಬೇಕು, ಮೇಲೆ ಒಂದಿಷ್ಟು ತೇವ ಬೇಕು. ಕೊರಕ ಹುಳ ಇಲ್ಲಿಲ್ಲ, ಅದು ಪೂರ್ವದ ರಾಜ್ಯಗಳ ಕಾಟ. ಹಾಗಾದರೆ ಗಾಯ ಮಾಡುವವರು ಯಾರು?

ಇಲ್ಲಿನ ಐರಿಸ್ ಗೆಳೆಯರ ಉತ್ತರ ಒಂದೇ: ಮಾನ್ಸೂನ್. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಮಾನ್ಸೂನ್ ಅಂತ ಲೆಕ್ಕ. ಮಲೆನಾಡಿನ ಸಾಗರದಲ್ಲಿ ಹುಟ್ಟಿ ಬೆಳೆದವನ ಮುಂದೆ ಇವರು ಇದನ್ನ ಮಾನ್ಸೂನ್ ಅಂದರೆ ನಗು ತಡೆಯೋದು ಕಷ್ಟ. ಇರಲಿ. ಮಳೆ, ಸೆಕೆ, ತೇವ, ಕೊಳೆ. ಸರಣಿ ಚೆನ್ನಾಗಿದೆ, ನಾನೂ ಒಪ್ಪಿದ್ದೆ. ಆದರೆ 2023ರ ಬೇಸಿಗೆ ಈ ಸರಣಿಯನ್ನ ಮುರಿಯಿತು. ಆ ವರ್ಷ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ಜುಲೈನಲ್ಲಿ ಒಂದು ರಾತ್ರಿಯ ಕನಿಷ್ಠವೇ 36 ಡಿಗ್ರಿ. ಇಡೀ ಮಾನ್ಸೂನ್‌ನಲ್ಲಿ ವಿಮಾನ ನಿಲ್ದಾಣದ ಮಳೆಮಾಪಕಕ್ಕೆ ಬಿದ್ದದ್ದು 4 ಮಿಲಿಮೀಟರ್‌ಗಿಂತ ಕಡಿಮೆ, ದಾಖಲೆಯಲ್ಲೇ ಅತಿ ಒಣ ಮಾನ್ಸೂನ್. ಮಳೆ ಕಾರಣ ಆಗಿದ್ದರೆ ಆ ವರ್ಷ ಒಂದೂ ಗೆಡ್ಡೆ ಕೊಳೆಯಬಾರದಿತ್ತು. ಕೊಳೆತವು. ಅದೂ ಪಡುವಣ ಮಡಿಯಲ್ಲಿ ಮಾತ್ರ.

ಊರಿಗೆ ಫೋನ್ ಮಾಡಿದಾಗ ಚಿಕ್ಕಪ್ಪನ ಹತ್ತಿರ ಇದನ್ನ ಹೇಳಿದೆ. ಅವರು ಶುಂಠಿ ಬೆಳೆದು, ಕೊಳೆ ರೋಗ ಕಂಡು, ಸಾಲ ತೀರಿಸಿ, ಮತ್ತೆ ಶುಂಠಿ ಹಾಕಿದವರು. ಗೆಡ್ಡೆ ವಿಷಯದಲ್ಲಿ ಅವರ ಮಾತಿಗೆ ತೂಕ ಇದೆ. ಮೊದಲು "ಬೋರ್ಡೋ ಹೊಡಿ" ಅಂದರು. ಅಡಿಕೆಯವರಿಗೆ ಎಲ್ಲದಕ್ಕೂ ಮೈಲುತುತ್ತ, ಸುಣ್ಣ ಕಲಸಿದ ಆ ಬೋರ್ಡೋ ದ್ರಾವಣವೇ ಅಲ್ವಾ. ಇದು ಶಿಲೀಂಧ್ರ ಅಲ್ಲ, ಬ್ಯಾಕ್ಟೀರಿಯಾ, ಒಳಗೆ ಹೊಕ್ಕ ಮೇಲೆ ಮೈಲುತುತ್ತದ ಆಟ ನಡೆಯಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಎರಡು ಮಡಿಗೂ ಒಂದೇ ನೀರೇನೋ?"

"ಒಂದೇ ನಲ್ಲಿ, ಒಂದೇ ಟೈಮರ್ ಚಿಕ್ಕಪ್ಪ."

"ನಲ್ಲಿ ಒಂದೇ ಅಂದ್ರೆ ನೀರು ಒಂದೇ ಆಗುತ್ತೇನೋ? ದಾರೀಲಿ ಏನಾಗುತ್ತೆ ನೋಡಿದ್ಯಾ?"

ಅವರ ತಲೆಯಲ್ಲಿ ಇದ್ದದ್ದು ಮೇಲಿನ ಗದ್ದೆಯ ರೋಗ ಕಾಲುವೆಯಲ್ಲಿ ಕೆಳಗಿನ ಗದ್ದೆಗೆ ಇಳಿಯುವ ವಿಷಯ. ನನ್ನ ಪೈಪಿಗೆ ಅದು ಹೊಂದಲ್ಲ ಅಂತ ಬಿಟ್ಟೆ.

ಉತ್ತರ ಸಿಕ್ಕಿದ್ದು ಗೆಡ್ಡೆ ಮಾರುವವರ ದಯೆಯಿಂದ. ಆರ್ಡರ್ ಹಾಕುವಾಗ ಸ್ಪಷ್ಟವಾಗಿ ಬರೆದಿದ್ದೆ: ಮರುಭೂಮಿ, ಸೆಪ್ಟೆಂಬರ್ ಕೊನೆಗೆ ಮೊದಲು ಕಳಿಸಬೇಡಿ. ಆಗಸ್ಟ್‌ನಲ್ಲೇ ಕಳಿಸಿದರು. ಅವರ ಊರಲ್ಲಿ ಆಗಸ್ಟ್ ನೆಡುವ ಕಾಲವಂತೆ. ಡಬ್ಬ ಬಾಗಿಲ ಹೊರಗೆ ಇಟ್ಟಿದ್ದಾರೆ ಅಂತ ಸಂಜೆ ನಾಲ್ಕೂವರೆ ಹೊತ್ತಿಗೆ ಮೆಸೇಜ್ ಬಂತು. ಆ ಹೊತ್ತಲ್ಲಿ ಇಲ್ಲಿ ಬುದ್ಧಿ ಇರುವ ಯಾರೂ ಹೊರಗೆ ಕಾಲಿಡಲ್ಲ. ಡಬ್ಬ ಎತ್ತಿಕೊಳ್ಳುವಾಗ ಪಕ್ಕದ ಗೇಟಿನ ಕಡೆಯಿಂದ ಸುಸ್ ಅಂತ ಸಣ್ಣ ಸದ್ದು. ಪಡುವಣ ಮಡಿಯಲ್ಲಿ ಹನಿ ನೀರಾವರಿಯ ಡ್ರಿಪ್ಪರ್‌ಗಳು ಓಡುತ್ತಿದ್ದವು. ಬೆಳಗಿನ ಜಾವ 4ಕ್ಕೆ ಓಡಬೇಕಾದ ನೀರು. ಬೆರಳು ಹಿಡಿದೆ, ಚುರ್ ಅಂತು.

ಒಳಗೆ ಓಡಿ ಪಾಕದ ಥರ್ಮಾಮೀಟರ್ ತಂದೆ. 58 ಡಿಗ್ರಿ.

ಈಗ ಲೆಕ್ಕ ನೋಡಿ. ಮೂಡಣ ಮಡಿಯ ಪೈಪು ಮರದ ಚಕ್ಕೆಯ ಹೊದಿಕೆ ಕೆಳಗಿದೆ, ಮೇಲೆ ನೆರಳು. ಪಡುವಣದ್ದು ಕಪ್ಪು ಪೈಪು, ಬಿಸಿಲಲ್ಲಿ, ಜಲ್ಲಿಯ ಮೇಲೆ, ಗೋಡೆಗೆ ಒರಗಿ. ಮನೆ ಕಟ್ಟಿದವರು ಹಾಕಿಸಿದ್ದು. ಡ್ರಿಪ್ಪರ್‌ಗಳಲ್ಲಿ ಚೆಕ್ ವಾಲ್ವ್ ಇದೆ, ಅಂದರೆ ನೀರು ನಿಂತ ಮೇಲೂ ಪೈಪು ಖಾಲಿ ಆಗಲ್ಲ, ತುಂಬಿಕೊಂಡೇ ಕಾಯುತ್ತದೆ. ಅರ್ಧ ಇಂಚಿನ ಪೈಪಿನಲ್ಲಿ ಮೀಟರಿಗೆ 0.18 ಲೀಟರ್ ನೀರು. 15 ಮೀಟರಿಗೆ 2.7 ಲೀಟರ್. ಡ್ರಿಪ್ಪರ್ 16. ಒಂದೊಂದರ ಪಾಲಿಗೆ ಸುಮಾರು 170 ಮಿಲಿಲೀಟರ್. ಡ್ರಿಪ್ಪರ್ ಇರುವುದು ಸರಿಯಾಗಿ ಗೆಡ್ಡೆಯ ನೆತ್ತಿ ಮೇಲೆ. ಅಂದರೆ ಒಂದೊಂದು ಗೆಡ್ಡೆಯ ತಲೆಗೂ ಒಂದು ದೊಡ್ಡ ಲೋಟ ಬಿಸಿ ಕಾಫಿ ಸುರಿದ ಹಾಗೆ. ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರ್ ಇದನ್ನ ಐದು ನಿಮಿಷದಲ್ಲಿ ನಿಧಾನವಾಗಿ, ಒಂದೇ ಜಾಗಕ್ಕೆ ಸುರಿಯುತ್ತದೆ. ಆಮೇಲೆ ಬರುವ ನೀರು ಅಷ್ಟು ಬಿಸಿ ಇಲ್ಲ, ಅದು ತೇವ ಕೊಡುತ್ತದೆ. ಮೊದಲು ಗಾಯ, ಹಿಂದೆಯೇ ತೇವ. ಆ ಬ್ಯಾಕ್ಟೀರಿಯಾ ಬೇಡಿಕೊಂಡಿದ್ದರೂ ಇಷ್ಟು ಅಚ್ಚುಕಟ್ಟಾಗಿ ಸಿಗುತ್ತಿರಲಿಲ್ಲ. ಮೇಲಿನ ಮಣ್ಣು ಸರಿಸಿ ನೋಡಿದರೆ ಡ್ರಿಪ್ಪರ್ ಕೆಳಗೇ ಬೆಂದ ಕಂದು ಕಲೆ.

ಬೆಳಗಿನ 4 ಸಂಜೆಯ 4 ಆಗಿದ್ದು ಹೇಗೆ? ಟೈಮರ್ ಮುಚ್ಚಳ ತೆಗೆದೆ. ಗಡಿಯಾರ ಕಾಯಬೇಕಾದ 9 ವೋಲ್ಟ್ ಬ್ಯಾಟರಿ ಸೆಕೆಗೆ ಬಾಯಿಬಿಟ್ಟು ಕಿಲುಬು ಕಾರಿತ್ತು. ಕರೆಂಟ್ ಹೋಗಿ ಬಂದರೆ ಕಾರ್ಯಕ್ರಮ ಉಳಿಯುತ್ತದೆ, ಗಡಿಯಾರ ಮಾತ್ರ ನಡುರಾತ್ರಿ 12ರಿಂದ ಮತ್ತೆ ಶುರು. ನಡುಮಧ್ಯಾಹ್ನ ಎಲ್ಲರ ಏಸಿ ಓಡಿ ಕರೆಂಟ್ ಹೋಗಿ ಬಂತು ಅಂದರೆ ಟೈಮರ್‌ಗೆ ಅದೇ ನಡುರಾತ್ರಿ. ನಾಲ್ಕು ಗಂಟೆ ಬಿಟ್ಟು ನೀರು. ಹಳೆಯ ಮೆಸೇಜ್‌ಗಳನ್ನ ಕೆದಕಿದೆ. 2023ರ ಜುಲೈನಲ್ಲಿ ಕರೆಂಟ್ ವಾಪಸ್ ಬಂತು ಅನ್ನುವ ಮೆಸೇಜ್ ಇದೆ, ಸಮಯ ಮಧ್ಯಾಹ್ನ 12:40. ಅಕ್ಟೋಬರ್‌ನಲ್ಲಿ ನೀರು ಕಡಿಮೆ ಮಾಡುವಾಗ ಗಡಿಯಾರ ಸರಿ ಮಾಡಿ ಮುಚ್ಚಳ ಹಾಕುತ್ತೇವೆ, ಸಾಕ್ಷಿ ಅಲ್ಲಿಗೇ ಮುಗಿಯಿತು.

ನಂಬದವರಿಗಾಗಿ ಒಂದು ಸಣ್ಣ ಪರೀಕ್ಷೆ ಮಾಡಿದೆ. ಮೂಡಣ ಮಡಿಯ ಎರಡು ಗೆಡ್ಡೆ, ಎರಡು ಕುಂಡ, ಅದೇ ಹಳೆಯ ಮಣ್ಣು. ಒಂದಕ್ಕೆ 58 ಡಿಗ್ರಿಯ 170 ಮಿಲಿಲೀಟರ್ ಐದು ನಿಮಿಷದಲ್ಲಿ, ಇನ್ನೊಂದಕ್ಕೆ ಅಷ್ಟೇ ತಣ್ಣೀರು. ಎರಡೂ ಗ್ಯಾರೇಜ್‌ನಲ್ಲಿ. ವಾರ ಕಳೆಯುವುದರೊಳಗೆ ಬಿಸಿನೀರಿನದು ವಾಸನೆ ಹಿಡಿಯಿತು, ಗ್ಯಾರೇಜ್ ಬಾಗಿಲು ತೆಗೆದ ಹೆಂಡತಿಯೇ ಫಲಿತಾಂಶ ಘೋಷಿಸಿದಳು. ತಣ್ಣೀರಿನದು ಗಟ್ಟಿಯಾಗಿದೆ. ಎರಡು ಗೆಡ್ಡೆಯಿಂದ ಏನೂ ಸಾಬೀತಾಗಲ್ಲ ಅನ್ನುವವರು ನಿಮ್ಮ ಗೆಡ್ಡೆ ಕಳಿಸಿ, ಮತ್ತೆ ಮಾಡೋಣ.

ಈಗ ಪೈಪು ಒಂದು ಗೇಣು ಮಣ್ಣಿನೊಳಗಿದೆ. ಡ್ರಿಪ್ಪರ್‌ಗಳು ಗೆಡ್ಡೆಯಿಂದ ಅರ್ಧ ಅಡಿ ದೂರಕ್ಕೆ ಹೋಗಿವೆ, ನೀರು ಬೇಕಿರುವುದು ಬೇರಿಗೆ, ನೆತ್ತಿಗಲ್ಲ. ಗೋಡೆ ಕಡೆ ಜಲ್ಲಿ ತೆಗೆದೆ. ಪಡುವಣಕ್ಕೆ ಶೇಡ್ ನೆಟ್ ಕಟ್ಟಿದೆ. 40 ಶೇಕಡಾ ನೆರಳು ಅಂತ ಮಾರಿದ್ದು, ಹಿಡಿದು ನೋಡಿದರೆ ಕಂಬಳಿ. ವಾಪಸ್ ಮಾಡಿ ಇನ್ನೊಂದು ತಂದೆ.

ಉಳಿದದ್ದು ಕೊಳೆತವುಗಳ ಆಪರೇಷನ್. ಹಳೆ ಚಮಚದಲ್ಲಿ ಗಟ್ಟಿ ಭಾಗ ಸಿಗುವವರೆಗೆ ಕೆರೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರಲ್ಲಿ ಅದ್ದಿ ಒಣಗಿಸುವುದು. ಇಲ್ಲೂ ಸೆಕೆಯ ಕಿತಾಪತಿ ಇದೆ. ಬೇಸಿಗೆಯಿಡೀ ಗ್ಯಾರೇಜ್‌ನಲ್ಲಿ ಕೂತ ಬ್ಲೀಚ್ ಸತ್ವ ಕಳೆದುಕೊಂಡಿರುತ್ತದೆ, ಹೊಸ ಬಾಟಲಿ ತನ್ನಿ. ಸಿಡಿಯಲ್ಲ ಅಂತ ದಪ್ಪ ಮಾಡಿ ಮಾರುವ ಬ್ಲೀಚ್ ಬೇಡ, ಅದು ಸೋಂಕು ಕಳೆಯಲು ಮಾಡಿದ್ದಲ್ಲ ಅಂತ ಬಾಟಲಿ ಮೇಲೇ ಬರೆದಿರುತ್ತಾರೆ. ವಿನೆಗರ್, ಅಮೋನಿಯಾ ಹತ್ತಿರವೂ ಸುಳಿಯಬಾರದು, ವಿಷದ ಗಾಳಿ ಏಳುತ್ತದೆ. ಕೈಗೆ ಗ್ಲೌಸ್ ಇರಲಿ, ಐರಿಸ್ ರಸ ಕೆಲವರ ಚರ್ಮಕ್ಕೆ ಆಗಲ್ಲ. ಕೆರೆದ ಚೂರು ನಾಯಿ ಬಾಯಿಗೆ ಸಿಗದಂತೆ ಕಸಕ್ಕೆ ಹಾಕಿ, ಗೆಡ್ಡೆ ನಾಯಿಗೆ ವಿಷ.

ಇದೆಲ್ಲ ಮಾಡುವ ಹೊತ್ತು ಯಾವುದು ಅನ್ನುವುದು ಗೆಡ್ಡೆಗಿಂತ ನಿಮಗೆ ಮುಖ್ಯ. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸಲ್ಲ, ಹಾಗಾಗಿ ಜೂನ್‌ನಲ್ಲಿ 5:20ಕ್ಕೇ ಸೂರ್ಯ ಹಾಜರ್. ನಾನು ಅದಕ್ಕೂ ಮೊದಲು ತಲೆಗೆ ಟಾರ್ಚ್ ಕಟ್ಟಿ ಇಳಿಯುತ್ತೇನೆ, ಏಳಕ್ಕೆ ಒಳಗೆ. ಮಡಿಗೆ ಕೈ ಹಾಕುವ ಮೊದಲು ಯುವಿ ಟಾರ್ಚ್ ಬಿಟ್ಟು ನೋಡುತ್ತೇನೆ, ಚೇಳು ಇದ್ದರೆ ಹಸಿರಾಗಿ ಹೊಳೆಯುತ್ತದೆ. ಇಲ್ಲಿನ ಬಾರ್ಕ್ ಚೇಳು ಕುಟುಕಿದರೆ ಆಸ್ಪತ್ರೆ ದಾರಿ ಹಿಡಿಯಬೇಕಾಗಬಹುದು. ಒಂದು ಚೊಂಬು ಮಜ್ಜಿಗೆ ಪಕ್ಕದಲ್ಲಿ, ಉಪ್ಪು ಹಾಕಿದ್ದು. ಪೈಪಿನ ಮೊದಲ ನೀರು ಕೈಮೇಲೂ ಬೇಡ, ಮಕ್ಕಳ ಮೇಲಂತೂ ಬೇಡವೇ ಬೇಡ, ಮೊದಲು ಬೇಲಿ ಕಡೆ ಬಿಟ್ಟು ತಣ್ಣಗಾಗಲಿ. ತಲೆ ಸುತ್ತಿ, ವಾಕರಿಕೆ ಬಂದರೆ ಅರ್ಧ ಕೆರೆದ ಗೆಡ್ಡೆಯನ್ನ ಅಲ್ಲೇ ಬಿಟ್ಟು ಏಸಿಗೆ ಹೋಗಿ. ಮಾತು ತೊದಲಿದರೆ ತುರ್ತು ಸಹಾಯಕ್ಕೆ 911. ಸುಮ್ನೆ ಹೆದರಿಸುತ್ತಿಲ್ಲ. 2023ರಲ್ಲಿ ನಮ್ಮ ಮಾರಿಕೋಪ ಕೌಂಟಿಯೊಂದರಲ್ಲೇ ಸೆಕೆಯ ಲೆಕ್ಕಕ್ಕೆ ಸೇರಿದ ಸಾವು 645.

ಆಗಸ್ಟ್‌ನಲ್ಲಿ ಬಂದ ಡಬ್ಬದ ಗೆಡ್ಡೆಗಳು ಪೇಪರ್ ಚೀಲದಲ್ಲಿ, ಒಳಗಿನ ಕೋಣೆಯಲ್ಲಿ, ಅಕ್ಟೋಬರ್ ಕಾಯುತ್ತಿವೆ. ಒಣ ಗೆಡ್ಡೆ ಅಷ್ಟು ದಿನ ತಡೆಯುತ್ತದೆ, ಅವರ ಡಬ್ಬದೊಳಗಿನ ಒದ್ದೆ ಕಾಗದವನ್ನ ಮಾತ್ರ ಅವತ್ತೇ ತೆಗೆದು ಎಸೆದೆ. ದೂರು ಬರೆದಿದ್ದಕ್ಕೆ ಮುಂದಿನ ಆರ್ಡರ್‌ಗೆ ರಿಯಾಯಿತಿ ಕೂಪನ್ ಕಳಿಸಿದ್ದಾರೆ. ಅವಧಿ ಆಗಸ್ಟ್ 31ಕ್ಕೆ ಮುಗಿಯುತ್ತದಂತೆ.

ಆದರೆ ಮನಸ್ಸು ಆಗಲೇ ಬೇರೆ ಕಡೆ ಹಾರಿದೆ. ಆಂಕೋಸೈಕ್ಲಸ್! ಜೋರ್ಡಾನಿನ ರಾಷ್ಟ್ರೀಯ ಹೂ ಕಪ್ಪು ಐರಿಸ್ ಈ ಗುಂಪಿನದು. ತವರಿನಲ್ಲಿ ಬೇಸಿಗೆಯಿಡೀ ಒಂದು ಹನಿ ಇಲ್ಲದೆ ಮಲಗಿರುವ ಗಿಡಗಳಿವು. ನೇರ ಅವಕ್ಕೆ ಕೈ ಹಾಕುವ ಧೈರ್ಯ ಇಲ್ಲ. ಅವನ್ನ ಗಡ್ಡದ ಐರಿಸ್ ಜೊತೆ ಬೆರೆಸಿ ಪಡೆದ ಮಿಶ್ರತಳಿ ಆರಿಲ್‌ಬ್ರೆಡ್‌ನಿಂದ ಶುರು. ಪಡುವಣ ಮಡಿಯ ಆಚೆ ತುದಿಯಲ್ಲಿ ಒಂದೂವರೆ ಅಡಿ ಏರುಮಡಿ, ಅರ್ಧ ಮರಳು ಅರ್ಧ ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು), ಡ್ರಿಪ್ ಪೈಪು ಆ ಕಡೆ ತಲೆ ಹಾಕುವಂತಿಲ್ಲ, ಮೇಲೆ ಮಳೆ ತಡೆಯಲು ಪಾರದರ್ಶಕ ಶೀಟು. ಏರುಮಡಿ ಅಂದ ತಕ್ಷಣ ಚಿಕ್ಕಪ್ಪ ಬಸಿಗಾಲುವೆ ಎಷ್ಟು ಆಳ ಅಂತ ಕೇಳಿದರು. ವರ್ಷಕ್ಕೆ ಒಂದು ಗೇಣು ಮಳೆ ಬೀಳುವ ಊರು ಅಂದರೂ ಬಿಡಲಿಲ್ಲ, ಗೀಟು ಎಳೆದು ಫೋಟೋ ಕಳಿಸಿದ್ದಾರೆ.

ಪ್ಯೂಮಿಸ್‌ಗೆ ಅಲೆಯುತ್ತಿದ್ದೇನೆ. ಒಂದು ಕಡೆ ಪರ್ಲೈಟ್ ತೋರಿಸಿ "ಎರಡೂ ಒಂದೇ" ಅಂದರು. ಇನ್ನೊಂದು ಕಡೆ ಕುದುರೆ ಲಾಯಕ್ಕೆ ಹಾಸುವ ಪ್ಯೂಮಿಸ್ ಮೂಟೆಗಟ್ಟಲೆ ಇದೆ, ಬೆಲೆ ನರ್ಸರಿಯದಕ್ಕಿಂತ ಎಷ್ಟೋ ಕಡಿಮೆ, ಕಾಳು ಮಾತ್ರ ಸಣ್ಣ. ಯಾರಾದರೂ ಅದನ್ನ ಜರಡಿ ಹಿಡಿದು ಐರಿಸ್‌ಗೆ ಹಾಕಿದ್ದರೆ, ಪುಡಿ ಎಷ್ಟು ಹೋಗುತ್ತದೆ ಅಂತ ಹೇಳಿ. ಮೂಟೆ ಎಷ್ಟು ತರಬೇಕು ಅನ್ನುವುದು ಅದರ ಮೇಲೆ ನಿಂತಿದೆ.